ಅಮ್ಮನ ನೆನಪು ಎತ್ತಿಡುವುದು ಹೇಗೆ

ಮೊದಲು ದನಿ. ವಾಟ್ಸಾಪ್‌ನ ವಾಯ್ಸ್ ಮೆಸೇಜ್‌ಗಳನ್ನು ಇವತ್ತೇ ಹೊರಗೆ ತೆಗೆದು ಎರಡು ಕಡೆ ಇಡಿ. ನಾನು ತಡ ಮಾಡಿದೆ, ಫೋನ್ ಕೆಟ್ಟಿತು. ಉಳಿದಿರುವುದು 11 ಸೆಕೆಂಡು ಮಾತ್ರ: "ಕೀಮೋ ಮುಗೀತು ಕಣೋ, ಬರ್ತಾ ಪೇಪರ್ ಬಂಡಲ್ ತಗೊಂಡು ಬಾ."

ಆಮೇಲೆ ಕೈಬರಹ. ಅಮ್ಮ ಗಣಿತದ ಟೀಚರ್. ನೋಟ್‌ಬುಕ್‌ಗಳನ್ನು 600 ಡಿಪಿಐನಲ್ಲಿ (ಸ್ಕ್ಯಾನ್ ಎಷ್ಟು ಸೂಕ್ಷ್ಮವಾಗಿರಬೇಕು ಅನ್ನುವ ಅಳತೆ), ಕಲರ್‌ನಲ್ಲೇ ಸ್ಕ್ಯಾನ್ ಮಾಡಿ. ಕಪ್ಪುಬಿಳುಪಾದರೆ ಕೆಂಪು ಇಂಕಿನ ಟಿಕ್ ಗುರುತು ಎದ್ದು ಕಾಣುವುದಿಲ್ಲ. ಕೆಲವು ಕೀಮೋ ಔಷಧಿಗಳಿಂದ ಬೆರಳು ಜೋಮು ಹಿಡಿಯುತ್ತದೆ. ಕೊನೆಯ ವರ್ಷದ ಟಿಕ್‌ಗಳ ಬಾಲ ನಡುಗಿದೆ. ಅದನ್ನು ಎಡಿಟ್ ಮಾಡಿ ನೀಟು ಮಾಡಬೇಡಿ. ಮೂಲ ಹಾಳೆಗೆ ಲ್ಯಾಮಿನೇಷನ್ ಬೇಡವೇ ಬೇಡ, ಮತ್ತೆ ಬಿಡಿಸಲು ಆಗುವುದಿಲ್ಲ. ಬಿಸಿಲು, ತೇವ ತಾಗದ ಕಡೆ ಇಟ್ಟರೆ ಸಾಕು.

ಆಸ್ಪತ್ರೆ ಫೈಲ್? ನಾನು ಡಯಾಗ್ನೋಸಿಸ್ ರಿಪೋರ್ಟ್ ಮಾತ್ರ ಇಟ್ಟುಕೊಂಡೆ. ಮುಂದೆ ಮನೆಯವರ ತಪಾಸಣೆ ವೇಳೆ ಡಾಕ್ಟರ್ ಕೇಳಬಹುದು.

ಹಳೇ ವಿದ್ಯಾರ್ಥಿಗಳನ್ನು "ಟೀಚರ್ ಬಗ್ಗೆ ಹೇಳಿ" ಅಂತ ಸುಮ್ನೆ ಕೇಳಬೇಡಿ. "ತುಂಬಾ ಒಳ್ಳೆಯವರು" ಅನ್ನುತ್ತಾರೆ, ಅಷ್ಟೇ. "ಲೆಕ್ಕ ತಪ್ಪಿದಾಗ ಏನು ಮಾಡುತ್ತಿದ್ದರು?" ಅಂತ ಕೇಳಿ. ಒಬ್ಬಳು ನನಗೆ ಹೇಳಿದಳು: "ತಪ್ಪು ಹಾಕ್ತಿರಲಿಲ್ಲ. ಎಡವಿದ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಚುಕ್ಕೆ ಇಡೋರು. ಆಮೇಲೆ ಅಳಿಸ್ಕೋ ಅನ್ನೋರು."