ಗುಳ್ಳೆ ನಿಂತಿತೆಂದು ಬಿಯರ್ ಬಾಟಲಿಗೆ ತುಂಬಬೇಡಿ
ಮನೆಯಲ್ಲಿ ಬಿಯರ್ ಹುದುಗಿಸುವಾಗ ಏರ್‌ಲಾಕ್‌ನಲ್ಲಿ (ಬಕೆಟ್ ಮುಚ್ಚಳದ ಮೇಲೆ ಗ್ಯಾಸ್ ಹೊರಬಿಡುವ ನೀರಿನ ಕೊಳವೆ) ಗುಳ್ಳೆ ನಿಂತಿತು ಅಂದರೆ ಬಿಯರ್ ಆಯಿತು ಅಂತಲ್ಲ. ಮಡಿಕೇರಿ ಕಡೆ ಮಳೆಗಾಲದ ರಾತ್ರಿ ಚಳಿಗೆ ಏಲ್ (ಬೆಚ್ಚಗೆ ಹುದುಗುವ ಬಗೆಯ ಬಿಯರ್) ಯೀಸ್ಟ್ ಮಂಕಾಗಿ, ಸಕ್ಕರೆ ಉಳಿದಿರುವಾಗಲೇ ಸುಮ್ಮನಾಗಬಹುದು. ಮುಚ್ಚಳ ಸಡಿಲವಿದ್ದರೂ ಗುಳ್ಳೆ ಕಾಣದು. ನಂಬಬೇಕಾದ್ದು ಹೈಡ್ರೋಮೀಟರನ್ನೇ: ಬಿಯರ್‌ನಲ್ಲಿ ತೇಲಿ ಅದರ ಸಾಂದ್ರತೆ (ನೀರಿಗೆ 1.000) ತೋರಿಸುವ ಮೀಟರ್, ಸಕ್ಕರೆ ಉಳಿದಷ್ಟೂ ಅಂಕಿ ಹೆಚ್ಚು.

ಸ್ಯಾಂಪಲ್ ಅಲುಗಾಡಿಸಿ ಗ್ಯಾಸ್ ಬಿಡಿಸಿ (ಗುಳ್ಳೆ ಅಂಟಿದರೆ ಮೀಟರ್ ಮೇಲೆದ್ದು ಹೆಚ್ಚು ತೋರಿಸುತ್ತೆ), 20 ಡಿಗ್ರಿ ಹತ್ತಿರ ಅಳೆಯಿರಿ. ಮೂರು ದಿನ ಬಿಟ್ಟು ಮತ್ತೊಮ್ಮೆ. ಎರಡೂ ಸಲ ಒಂದೇ ಅಂಕಿ, ಅದೂ ಸಾಮಾನ್ಯ ಏಲ್‌ಗೆ 1.008ರಿಂದ 1.015ರೊಳಗೆ ಬಂದರೆ ಮುಗಿದಂತೆ. 1.020ರಲ್ಲೇ ಕೂತಿದ್ದರೆ ತುಂಬಲೇಬೇಡಿ, ಉಳಿದ ಸಕ್ಕರೆ ಒಳಗೇ ಹುದುಗಿ ಬಾಟಲಿ ಸಿಡಿದೀತು. ಬಕೆಟ್ಟನ್ನು ಬೆಚ್ಚಗಿನ ಅಡುಗೆಮನೆಗೆ ಸರಿಸಿ, 20–22 ಡಿಗ್ರಿಗೆ ತಂದು, ತಳದ ಯೀಸ್ಟ್ ಏಳುವಂತೆ ಮೆಲ್ಲಗೆ ಅಲುಗಿಸಿ ಒಂದು ವಾರ ಕಾಯಿರಿ.

ಅಳೆದ ಸ್ಯಾಂಪಲ್ ವಾಪಸ್ ಸುರಿಯಬೇಡಿ, ಕುಡಿದು ನೋಡಿ. ಬೆಣ್ಣೆ ವಾಸನೆ ಬಂದರೆ ಇನ್ನೆರಡು ದಿನ ಬಿಡಿ.