ಮಾವಿಗೆ ಬಿಸಿನೀರಿನ ಉಪಚಾರ: ನಾನು ಮಾಡುವ ಕ್ರಮ

ಕೊಯ್ದ ಮೇಲೆ ಮಾವಿಗೆ ರುಚಿ ತುಂಬುವ ಉಪಚಾರ ಯಾವುದೂ ಇಲ್ಲ. ಮರದಲ್ಲಿ ಬಲಿತಷ್ಟನ್ನು ಕೆಡದಂತೆ ಉಳಿಸಿಕೊಳ್ಳಬಹುದು, ಅಷ್ಟೆ. ಹಾಗಾಗಿ ಬಿಸಿನೀರಿಗೆ ಹಾಕುವ ಮೊದಲೇ ಎಳೆಕಾಯಿಗಳನ್ನು ಬೇರೆ ಮಾಡುತ್ತೇನೆ. ತೊಟ್ಟಿನ ಎರಡೂ ಬದಿಯ ಹೆಗಲು ತುಂಬಿರಬೇಕು. ಅನುಮಾನ ಬಂದ ಕಾಯಿಯನ್ನು ತಣ್ಣೀರಿನಲ್ಲಿ ಬಿಟ್ಟು ನೋಡುತ್ತೇನೆ. ಬಲಿತದ್ದು ಸಾಮಾನ್ಯವಾಗಿ ಮುಳುಗುತ್ತದೆ, ಎಳೆಯದು ತೇಲುತ್ತದೆ. ಎಳೆಕಾಯಿ ಬಿಸಿ ತಡೆಯುವುದಿಲ್ಲ, ಮಾಗಿದರೂ ಸಪ್ಪೆ.

ಆಮೇಲೆ ಸೊನೆ. ಕೊಯ್ಯುವಾಗ ಉದ್ದ ತೊಟ್ಟು ಬಿಟ್ಟು, ನೆರಳಿಗೆ ತಂದು, ಒಂದು ಸೆಂಟಿಮೀಟರ್‌ನಷ್ಟು ಉಳಿಸಿ ಕತ್ತರಿಸುತ್ತೇನೆ. ತೊಟ್ಟು ಕೆಳಮುಖವಾಗಿ ಜಾಲರಿಯ ಮೇಲಿಟ್ಟರೆ ಸೊನೆ ಸಿಪ್ಪೆಗೆ ತಾಗದೆ ಇಳಿಯುತ್ತದೆ. ಸೊನೆ ಚಿಮ್ಮಿದ ಕಾಯಿಯನ್ನು 10 ಲೀಟರ್ ನೀರಿಗೆ 50 ಗ್ರಾಂ ಸುಣ್ಣ ಕದಡಿದ ನೀರಿನಲ್ಲಿ ತಕ್ಷಣ ತೊಳೆಯಬೇಕು. ಒಣಗಿದ ಮೇಲೆ ತೊಳೆದು ಪ್ರಯೋಜನವಿಲ್ಲ. ಸಿಪ್ಪೆ ಅಷ್ಟರಲ್ಲಿ ಸುಟ್ಟಿರುತ್ತದೆ.

ಬಿಸಿನೀರು ಚಿಬ್ಬು ರೋಗಕ್ಕಾಗಿ. ಅದರ ಶಿಲೀಂಧ್ರ ಕಾಯಿ ಚಿಕ್ಕದಿರುವಾಗಲೇ ಸಿಪ್ಪೆ ಸೇರಿ ಸುಮ್ಮನಿದ್ದು, ಹಣ್ಣಾಗುವಾಗ ಕಪ್ಪು ಮಚ್ಚೆಯಾಗಿ ಹರಡುತ್ತದೆ. ತೊಳೆದರೆ ಹೋಗದು. 52 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 5ರಿಂದ 10 ನಿಮಿಷ ಇಟ್ಟರೆ ಸಿಪ್ಪೆಯ ಮಟ್ಟಿಗೆ ಬಿಸಿ ತಾಗಿ ಅದು ಬಹುಮಟ್ಟಿಗೆ ಸಾಯುತ್ತದೆ, ತಿರುಳು ಬೇಯುವುದಿಲ್ಲ. 50ಕ್ಕಿಂತ ಇಳಿದರೆ ರೋಗ ಉಳಿಯುತ್ತದೆ, 55 ದಾಟಿದರೆ ಸಿಪ್ಪೆ ಬೇಯುತ್ತದೆ. ಇಡೀ ಕೆಲಸ ನಿಂತಿರುವುದು ಈ ಸಣ್ಣ ಅಂತರದ ಮೇಲೆ.

200 ಲೀಟರ್ ನೀರಿಗೆ ಒಮ್ಮೆಗೆ 50 ಕಿಲೋಗಿಂತ ಹೆಚ್ಚು ಕಾಯಿ ಹಾಕುವುದಿಲ್ಲ. ಅಷ್ಟಕ್ಕೇ ನೀರಿನ ಬಿಸಿ ಎರಡು-ಮೂರು ಡಿಗ್ರಿ ಇಳಿಯುತ್ತದೆ, ಹೀಟರ್ ನಡೆಯುತ್ತಲೇ ಇರಬೇಕು. ಸಣ್ಣ ಪಂಪಿನಿಂದ ನೀರು ತಿರುಗುತ್ತಿರಲಿ. ಇಲ್ಲದಿದ್ದರೆ ಮೇಲಿನ ಪದರ ಬಿಸಿ, ತಳ ತಣ್ಣಗೆ. ಒಂದೇ ಕ್ರೇಟಿನ ಮೇಲಿನ ಕಾಯಿ ಸುಟ್ಟು ಕೆಳಗಿನದು ಕೊಳೆಯುವುದು ಇದರಿಂದಲೇ. ಥರ್ಮಾಮೀಟರನ್ನು ಹೀಟರ್ ಪಕ್ಕದಲ್ಲಲ್ಲ, ಕಾಯಿಗಳ ನಡುವೆ ಇಡುತ್ತೇನೆ. ತೇಲುವ ಕ್ರೇಟಿನ ಮೇಲೆ ಭಾರವಿಟ್ಟು ನೀರಿನಿಂದ 10 ಸೆಂಟಿಮೀಟರ್ ಕೆಳಗೆ ಮುಳುಗಿಸುವುದು ಕಡ್ಡಾಯ. ನಿಮಿಷ ಎಣಿಸಬೇಕಾದದ್ದು ಕಾಯಿ ಹಾಕಿದ ಮೇಲೆ ನೀರು ಮತ್ತೆ 52ಕ್ಕೆ ಬಂದಾಗಿನಿಂದ.

ಹಣ್ಣುನೊಣಕ್ಕೆ ಇದು ಸಾಲದು. ಹುಳು ತಿರುಳಿನ ಆಳದಲ್ಲಿರುವುದರಿಂದ 46.1 ಡಿಗ್ರಿಯಲ್ಲಿ, ಕಾಯಿಯ ತೂಕಕ್ಕೆ ತಕ್ಕಂತೆ, 65ರಿಂದ 90 ನಿಮಿಷ ಬೇಕಾಗುತ್ತದೆ. ಒಂದರ ಸಮಯವನ್ನು ಇನ್ನೊಂದರ ಬಿಸಿಗೆ ಜೋಡಿಸಿದರೆ ಲೋಡ್ ಪೂರ್ತಿ ಹಾಳು.

ಹೊರತೆಗೆದ ಕಾಯಿಯನ್ನು ಫ್ಯಾನಿನ ಗಾಳಿಯಲ್ಲಿ ಆರಿಸಿ, ನೀರಿನ ಪಸೆ ಪೂರ್ತಿ ಹೋದ ಮೇಲೆಯೇ ತುಂಬುತ್ತೇನೆ. ಬಿಸಿ ಹೆಚ್ಚಾಗಿದ್ದರೆ ಮೂರ್ನಾಲ್ಕು ದಿನದಲ್ಲಿ ಗೊತ್ತಾಗುತ್ತದೆ: ತೊಟ್ಟಿನ ಸುತ್ತ ಸಿಪ್ಪೆ ಕುಸಿಯುತ್ತದೆ, ಚುಕ್ಕಿಗಳು ಕಪ್ಪಾಗುತ್ತವೆ. ಕೊಯ್ದು ನೋಡಿದರೆ ಸಿಪ್ಪೆಯಡಿ ಬಿಳಿಯ ಗಟ್ಟಿ ಪದರ. ಅಲ್ಲಿ ಪಿಷ್ಟ ಸಕ್ಕರೆಯಾಗಿಲ್ಲ. ಎಷ್ಟು ದಿನ ಕಾದರೂ ಆಗುವುದಿಲ್ಲ.

ಮಾಗಿಸಲು ಕಾರ್ಬೈಡ್ ಮುಟ್ಟುವುದೇ ಇಲ್ಲ. ಅದರಲ್ಲಿ ಆರ್ಸೆನಿಕ್, ರಂಜಕದ ಕಲ್ಮಶ ಇರಬಹುದು, ಬಣ್ಣ ಬಂದರೂ ಒಳಗೆ ಮಾಗಿರುವುದಿಲ್ಲ. 20 ಡಿಗ್ರಿ ಸುಮಾರಿನ ಕೋಣೆಯಲ್ಲಿ ಕಾಯಿ ಮಾಗಿಸುವ ಎಥಿಲೀನ್ ಅನಿಲ 100 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಗೆ 100 ಭಾಗ) 24 ಗಂಟೆ ಇದ್ದರೆ ಸಾಕು. ತೇವ ಶೇ. 90ಕ್ಕಿಂತ ಇಳಿಯದಿರಲಿ. ಕಾಯಿಯೇ ಬಿಡುವ ಇಂಗಾಲದ ಡೈಆಕ್ಸೈಡ್ ಶೇ. 1 ದಾಟಿದರೆ ಎಥಿಲೀನ್ ಕೆಲಸ ಮಾಡದು, ಹಾಗಾಗಿ ನಡುನಡುವೆ ಗಾಳಿ ಬದಲಿಸಬೇಕು.

ಶೀತಲಗೃಹದಲ್ಲಿ ಹಸಿರು ಮಾವಿಗೆ 13 ಡಿಗ್ರಿ ಇಡುತ್ತೇನೆ. 8 ಡಿಗ್ರಿಯಲ್ಲಿ ಎರಡು ವಾರ ಇಟ್ಟ ಕಾಯಿ ಅಲ್ಲಿರುವಾಗ ಚೆನ್ನಾಗಿಯೇ ಕಾಣುತ್ತದೆ. ಹೊರತಂದ ಮೇಲೆ ಸಿಪ್ಪೆ ಬೂದುಗಟ್ಟಿ, ಪರಿಮಳವಿಲ್ಲದೆ, ಅಲ್ಲಲ್ಲಿ ಹಸಿರಾಗಿಯೇ ಮೆತ್ತಗಾಗುತ್ತದೆ.