ಮೊದಲು ಜಾಲರಿ ಎತ್ತಿ: ದೊಡ್ಡ ಅಡುಗೆಮನೆಗಳ ನೆಲದ ಡ್ರೇನ್ ನೋಡಿಕೊಳ್ಳುವ ಬಗೆ

ದೊಡ್ಡ ಅಡುಗೆಮನೆಗಳ ನೆಲ, ನೀರು, ಕೊಳವೆಗಳ ಉಸ್ತುವಾರಿ ನನ್ನ ಕೆಲಸ. ಹೊಸ ಜಾಗಕ್ಕೆ ಕರೆದಾಗ ಮಾಲೀಕರು ಹೊಳೆಯುವ ಒಲೆಗಳನ್ನು ತೋರಿಸಲು ಮುಂದಾಗುತ್ತಾರೆ. ನಾನು ಕೇಳುವುದು ಡ್ರೇನಿನ ಜಾಲರಿ ಬಿಚ್ಚುವ ಸ್ಕ್ರೂಡ್ರೈವರ್. ಅದನ್ನು ಹುಡುಕಲು ಎಲ್ಲರೂ ಓಡಾಡತೊಡಗಿದರೆ, ಒಳಗೆ ಏನಿದೆ ಎಂಬುದು ನೋಡುವ ಮೊದಲೇ ಗೊತ್ತಾಗುತ್ತದೆ. ಮುಚ್ಚಿದ ಜಾಲರಿಯ ಮೇಲೆ ಫಿನಾಯಿಲ್ ಸುರಿದು ಕೈತೊಳೆದುಕೊಂಡರೆ ಕೆಟ್ಟ ವಾಸನೆಯ ಜೊತೆಗೆ ಇನ್ನೊಂದು ವಾಸನೆ ಸೇರುತ್ತದೆ, ಅಷ್ಟೇ.

ಪ್ರತಿದಿನದ ಕೆಲಸಕ್ಕೆ ಒಂದು ಕ್ರಮವಿದೆ. ಅಡುಗೆ ಮುಗಿದು ಆಹಾರವೆಲ್ಲ ಮುಚ್ಚಿಟ್ಟ ಅಥವಾ ಒಳಗಿಟ್ಟ ಮೇಲೆ ಶುರು ಮಾಡಿ. ನೀರು ಹಾಕುವ ಮೊದಲು ಒಣ ನೆಲವನ್ನು ಗುಡಿಸಿ, ಕಸವನ್ನು ಬುಟ್ಟಿಗೆ ತುಂಬಿ. ಪೈಪ್ ಹಿಡಿದು ಎಲ್ಲವನ್ನೂ ಡ್ರೇನಿನ ಕಡೆಗೆ ತಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹತ್ತು ನಿಮಿಷ ಉಳಿಸಲು ಹೋಗಿ ತಿಂಗಳ ಕೊನೆಗೆ ಕೊಳವೆ ಕಟ್ಟಿಕೊಳ್ಳುವಂತೆ ಮಾಡುವ ದಾರಿ ಅದು. ಆಮೇಲೆ ಕೈಗವಸು, ಕನ್ನಡಕ ಹಾಕಿಕೊಂಡು ಜಾಲರಿ ಎತ್ತಿ. ಒಳಗಿನ ಸೋಸುಬುಟ್ಟಿಯನ್ನು ಹೊರತೆಗೆದು ಕಸದ ಡಬ್ಬಿಯ ಮೇಲೆ ಬೋರಲು ಹಾಕಿ ತಟ್ಟಿ. ಬೇಗ ತುಂಬುತ್ತದೆಂದು ಸೋಸುಬುಟ್ಟಿಯನ್ನೇ ತೆಗೆದು ಮೂಲೆಗಿಡುವವರಿದ್ದಾರೆ. ತುಂಬುವುದೇ ಅದರ ಕೆಲಸ.

ಜಾಲರಿಯ ಕೆಳಮೈ, ಸೋಸುಬುಟ್ಟಿ, ಡ್ರೇನಿನ ಒಳಗೋಡೆ ಈ ಮೂರಕ್ಕೂ ಮಾರ್ಜಕ ಹಚ್ಚಿ ಬ್ರಷ್‌ನಿಂದ ಉಜ್ಜಬೇಕು. ಆ ಒಳಗೋಡೆಯ ಮೇಲಿನ ಕಂದು ಲೋಳೆ ಬ್ಯಾಕ್ಟೀರಿಯಾಗಳು ಕಟ್ಟಿಕೊಂಡ ಪದರ. ಅದರ ಮೇಲೆ ಸೋಂಕುನಿವಾರಕ ಸುರಿದರೆ ಮೇಲ್ಮೈ ಮಾತ್ರ ತೋಯುತ್ತದೆ. ಕ್ಲೋರಿನ್ ಅಂತೂ ಕೊಳೆಯೊಡನೆ ವರ್ತಿಸಿಯೇ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ಮೊದಲು ಉಜ್ಜುವುದು, ತೊಳೆಯುವುದು. ಕೊನೆಗೆ ಸೋಂಕುನಿವಾರಕ, ಅದೂ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ನಿಲ್ಲುವಂತೆ. ಬ್ರಷ್ ಡ್ರೇನಿನ ಬಾಯಿಗಿಂತ ತುಸು ಸಣ್ಣದಿರಲಿ. ಬಿಗಿಯಾಗಿ ಕೂತರೆ ಹೊರಗೆಳೆಯುವಾಗ ಮುಖಕ್ಕೆ ಸಿಡಿಯುತ್ತದೆ. ಅದರ ಹಿಡಿ ಬೇರೆಯದೇ ಬಣ್ಣದ್ದಾಗಿರಬೇಕು, ಬೇರೆ ಯಾವ ಕೆಲಸಕ್ಕೂ ಅದನ್ನು ಮುಟ್ಟಬಾರದು.

ಹೆಚ್ಚಿನ ಒತ್ತಡದ ನೀರಿನ ಯಂತ್ರವನ್ನು ಅಡುಗೆಮನೆಯ ಒಳಗೆ ಡ್ರೇನಿಗೆ ಹಿಡಿಯಲೇಬೇಡಿ. ಲಿಸ್ಟೀರಿಯಾ ಮೊನೊಸೈಟೊಜೀನಸ್ ಎಂಬ ರೋಗಾಣುವಿಗೆ ಡ್ರೇನ್ ಮೆಚ್ಚಿನ ನೆಲೆ. ನೀರಿನ ರಭಸಕ್ಕೆ ಅದು ಕಣ್ಣಿಗೆ ಕಾಣದ ತುಂತುರಿನೊಡನೆ ಮೇಲೆದ್ದು ಮೇಜು, ಯಂತ್ರಗಳ ಮೇಲೆ ಇಳಿಯುತ್ತದೆ. ಮೇಜುಗಳ ಕೊನೆಯ ಸ್ವಚ್ಛತೆಯನ್ನು ಡ್ರೇನ್ ತೊಳೆದ ಮೇಲೆಯೇ ಇಟ್ಟುಕೊಳ್ಳಬೇಕೆಂದು ನಾನು ಹಟ ಹಿಡಿಯುವುದೂ ಇದಕ್ಕೇ. ಈ ರೋಗಾಣು 4 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲೂ ಬೆಳೆಯಬಲ್ಲದು. ಹಾಗಾಗಿ ಎಲ್ಲರೂ ಮರೆಯುವ ಶೀತಲ ಕೋಣೆಯ ಡ್ರೇನನ್ನೇ ನಾನು ಹೆಚ್ಚು ಅನುಮಾನದಿಂದ ನೋಡುತ್ತೇನೆ.

ನೀರು ಸರಾಗವಾಗಿ ಹೋಗುತ್ತಿದ್ದರೂ ಕೊಳೆತ ಮೊಟ್ಟೆಯಂಥ ವಾಸನೆ ಬಂದರೆ ಟ್ರ್ಯಾಪ್‌ಗೆ ಟಾರ್ಚ್ ಬಿಟ್ಟು ನೋಡಿ. ಬಾಗಿದ ಆ ಕೊಳವೆಯಲ್ಲಿ ಕನಿಷ್ಠ 50 ಮಿಲಿಮೀಟರ್ ಆಳ ನೀರು ನಿಂತು ಒಳಚರಂಡಿಯ ಅನಿಲವನ್ನು ತಡೆಯಬೇಕು. ಬಳಕೆ ಇಲ್ಲದ ಡ್ರೇನಿನಲ್ಲಿ ಈ ನೀರು ಆವಿಯಾಗಿ ದಾರಿ ತೆರೆದುಕೊಳ್ಳುತ್ತದೆ. ವಾರಕ್ಕೊಂದು ಬಕೆಟ್ ನೀರು ಸುರಿದರೆ ಸಾಕು. ಬಹಳ ದಿನ ಮುಚ್ಚಿಡುವುದಾದರೆ ನೀರಿನ ಮೇಲೆ ಸ್ವಲ್ಪ ಖನಿಜ ತೈಲ ತೇಲಿಬಿಡಿ, ಆವಿಯಾಗುವುದು ನಿಧಾನವಾಗುತ್ತದೆ. ಕೆಲವು ಡ್ರೇನುಗಳಲ್ಲಿ ಗಂಟೆಯಾಕಾರದ ಮುಚ್ಚಳವೇ ಈ ತಡೆಯನ್ನು ಮಾಡುತ್ತದೆ. ನೀರು ಬೇಗ ಇಳಿಯಲೆಂದು ಯಾರೋ ಅದನ್ನು ತೆಗೆದು ಎಸೆದಿರುತ್ತಾರೆ, ಆಮೇಲೆ ವರ್ಷಗಟ್ಟಲೆ ಊದುಬತ್ತಿ ಹಚ್ಚುತ್ತಿರುತ್ತಾರೆ.

ಗೋಡೆಯ ಮೇಲೆ ರೋಮಭರಿತ ರೆಕ್ಕೆಯ, ಪುಟ್ಟ ಪತಂಗದಂಥ ನೊಣಗಳು ಕೂತಿದ್ದರೆ ಅವು ಲೋಳೆಯಲ್ಲಿ ಹುಟ್ಟಿದವು. ಹಾರುವ ನೊಣಗಳಿಗೆ ಔಷಧಿ ಹೊಡೆದರೆ ಇಂದಿನವು ಸಾಯುತ್ತವೆ, ಮರಿಗಳು ಒಳಗೇ ಉಳಿಯುತ್ತವೆ. ಯಾವ ಡ್ರೇನ್ ಎಂದು ತಿಳಿಯಲು ಜಾಲರಿ ಒರೆಸಿ, ಪಾರದರ್ಶಕ ಟೇಪನ್ನು ಅಂಟು ಕೆಳಗಾಗುವಂತೆ, ಗಾಳಿಯಾಡಲು ಸಂದು ಬಿಟ್ಟು, ರಾತ್ರಿ ಅಂಟಿಸಿ. ಕೆಲವು ರಾತ್ರಿ ಹೀಗೆ ಮಾಡಿದರೆ ಅಂಟಿಗೆ ಸಿಕ್ಕ ನೊಣಗಳೇ ವಿಳಾಸ ಹೇಳುತ್ತವೆ. ಎಲ್ಲೂ ಸಿಗದಿದ್ದರೆ ಡ್ರೇನಿನ ಸುತ್ತ ಬಿರುಕು ಬಿಟ್ಟ ಟೈಲ್ಸ್‌ ಕೆಳಗೆ ನೋಡಿ.

ಇನ್ನು ಜಿಡ್ಡು. ಕುದಿಯುವ ನೀರು ಸುರಿದರೆ ಕರಗಿ ಹೋಗುತ್ತದೆಂಬ ನಂಬಿಕೆ ಬಲವಾಗಿದೆ. ಕರಗುವುದೇನೋ ನಿಜ, ಕೆಲವು ಮೀಟರ್ ಮುಂದೆ ತಣ್ಣಗಾಗಿ, ಬ್ರಷ್ ತಲುಪದ ಜಾಗದಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಮೇಲಾಗಿ ಪಿವಿಸಿ ಕೊಳವೆ ಆ ಬಿಸಿಗೆ ಮೆತ್ತಗಾಗುತ್ತದೆ. ಜಿಡ್ಡು ತಿನ್ನುವ ಬ್ಯಾಕ್ಟೀರಿಯಾ ಅಥವಾ ಕಿಣ್ವದ ದ್ರಾವಣವನ್ನು ರಾತ್ರಿ ಕೊನೆಯ ನೀರು ಹರಿದ ಮೇಲೆ ಹಾಕಿ ಬೆಳಗಿನವರೆಗೆ ಬಿಡುವುದು ಒಳ್ಳೆಯದು. ಆ ರಾತ್ರಿ ಆ ಡ್ರೇನಿಗೆ ಬ್ಲೀಚ್ ಬೇಡ; ದುಡ್ಡು ಕೊಟ್ಟು ತಂದ ಬ್ಯಾಕ್ಟೀರಿಯಾವನ್ನು ನೀವೇ ಕೊಂದಂತಾಗುತ್ತದೆ.

ಕಾಸ್ಟಿಕ್ ಸೋಡಾ, ಆಸಿಡ್‌ಗಳಿಂದ ನಾನು ದೂರ. ಕಾಸ್ಟಿಕ್ ಸೋಡಾ ನೀರಿಗೆ ಬಿದ್ದರೆ ವಿಪರೀತ ಬಿಸಿಯೇರುತ್ತದೆ, ಅಲ್ಯೂಮಿನಿಯಂ ಸೋಸುಬುಟ್ಟಿಯನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಆಸಿಡ್ ಮತ್ತು ಬ್ಲೀಚ್ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ. ಕಟ್ಟಿದ ಡ್ರೇನ್ ಇವುಗಳಿಂದಲೂ ಬಿಡದಿದ್ದರೆ ದ್ರಾವಣ ಅಲ್ಲೇ ನಿಂತಿರುತ್ತದೆ. ಮರುದಿನ ಕೊಳವೆಯೊಳಗೆ ತೂರಿಸಿ ಕಟ್ಟಿದ್ದನ್ನು ಬಿಡಿಸುವ ಸ್ಪ್ರಿಂಗ್ ತಂತಿ ಹಿಡಿದು ಬಂದವನ ಕಣ್ಣಿಗೆ ಅದು ಸಿಡಿಯುತ್ತದೆ. ಸುರಿದಿದ್ದರೆ ಬಂದವನಿಗೆ ಮೊದಲೇ ಹೇಳಿ.

ಕಟ್ಟಿಕೊಂಡಾಗ ಸುತ್ತಲಿನ ಡ್ರೇನುಗಳನ್ನೂ ನೋಡಬೇಕು. ಒಂದೇ ನಿಂತಿದ್ದರೆ ತೊಂದರೆ ಹತ್ತಿರದಲ್ಲಿದೆ: ಪ್ಲಂಜರ್, ಅದಕ್ಕೂ ಬಗ್ಗದಿದ್ದರೆ ಸ್ಪ್ರಿಂಗ್ ತಂತಿ. ಎರಡು ಮೂರು ಒಟ್ಟಿಗೆ ನಿಂತರೆ, ಅಥವಾ ಒಂದಕ್ಕೆ ನೀರು ಬಿಟ್ಟಾಗ ಇನ್ನೊಂದು ಗುಳುಗುಳು ಎಂದರೆ ಮುಖ್ಯ ಕೊಳವೆ ಅಥವಾ ಗಾಳಿಕೊಳವೆ ಕಟ್ಟಿರಬಹುದು. ನೀರಿನ ಬಳಕೆ ನಿಲ್ಲಿಸಿ, ಯಂತ್ರವಿರುವವರನ್ನು ಕರೆಸಿ. ಚೇಂಬರ್, ಅಂದರೆ ಒಳಚರಂಡಿಯ ಗುಂಡಿಯ ಒಳಗೆ ಯಾರನ್ನೂ ಇಳಿಸಬೇಡಿ. ಕೊಳೆತ ಮೊಟ್ಟೆಯ ವಾಸನೆಯ ಆ ವಿಷಾನಿಲ, ಹೈಡ್ರೋಜನ್ ಸಲ್ಫೈಡ್, ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯನ್ನೇ ಮಂಕಾಗಿಸುತ್ತದೆ. ವಾಸನೆ ಹೋಯಿತೆಂದರೆ ಅಪಾಯ ಹೋಯಿತೆಂದಲ್ಲ.

ಹರಿಯುವ ನೀರಿನಿಂದ ಜಿಡ್ಡನ್ನು ತಡೆದಿಡುವ ತೊಟ್ಟಿ, ಅಂದರೆ ಗ್ರೀಸ್ ಟ್ರ್ಯಾಪ್ ಇದ್ದರೆ ತೇಲುವ ಜಿಡ್ಡು ಮತ್ತು ತಳದ ಹೂಳು ಸೇರಿ ಆಳದ ಕಾಲುಭಾಗ ಮುಟ್ಟುವ ಮೊದಲೇ ತೆಗೆಸಿ. ಜಾಲರಿಯ ತುಕ್ಕು ಹಿಡಿದ ಸ್ಕ್ರೂಗಳನ್ನು ಬದಲಿಸಿ ಸ್ಟೇನ್‌ಲೆಸ್ ಸ್ಟೀಲಿನವನ್ನು ಹಾಕಿಸಿ, ಸ್ಕ್ರೂಡ್ರೈವರನ್ನು ಡ್ರೇನ್ ಬ್ರಷ್‌ ಪಕ್ಕದಲ್ಲೇ ದಾರ ಕಟ್ಟಿ ತೂಗುಹಾಕಿ.